ಶಾಮಣ್ಣನ ಸ್ಕೂಟರೂ ಬ್ರೈಟನ್ ಜಗಳವೂ

ಸಿನಿಮಾ ಮುಗಿಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಶಾಮಣ್ಣ ಕನ್ನಡಕ ತೆಗೆದು ಒರೆಸಿಕೊಂಡು, "ಎಂಥಾ ಗಾಡಿ ಕಣ್ರೋ! ಅನ್ಯಾಯವಾಗಿ ಪ್ರಪಾತಕ್ಕೆ ಬಿಟ್ಬಿಟ್ನಲ್ಲ" ಎಂದರು.

"ಅಯ್ಯೋ ಶಾಮಣ್ಣ, ಅಲ್ಲಿ ಒಬ್ಬ ಹುಡುಗನ ಬದುಕೇ ಮೂರಾಬಟ್ಟೆ ಆಗಿದೆ. ನೀವು ಸ್ಕೂಟರಿಗೆ ಅಳ್ತಿದ್ದೀರಲ್ಲ" ಎಂದಳು ಸುಮಾ.

"ಹುಡುಗ ವಾಪಸ್ ನಡ್ಕೊಂಡು ಬಂದ್ನಲ್ಲಮ್ಮ, ಶುರುವಿನಲ್ಲೇ ತೋರಿಸಿದ್ರು. ಗಾಡಿ ವಾಪಸ್ ಬಂತಾ?"

ಇದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ನಾವು ನೋಡಿದ್ದು 'ಕ್ವಾಡ್ರೊಫೀನಿಯಾ'. 1979ರ ಸಿನಿಮಾ, ಕಥೆ ನಡೆಯುವುದು 1964ರ ಇಂಗ್ಲೆಂಡಿನಲ್ಲಿ. ಇದಕ್ಕೆ ಮೂಲ ಅಲ್ಲಿನ ದಿ ಹೂ ಎಂಬ ರಾಕ್ ಬ್ಯಾಂಡಿನವರು 1973ರಲ್ಲಿ ತಂದ ಅದೇ ಹೆಸರಿನ ಆಲ್ಬಮ್. ಬ್ಯಾಂಡಿನ ಹೆಸರು ಹೇಳಿದಾಗಲೇ ಶಾಮಣ್ಣ, "ಯಾವ ಹೂ? ಮಲ್ಲಿಗೆಯೋ ಸೇವಂತಿಗೆಯೋ?" ಎಂದು ಕೇಳಿದ್ದರು. ಗಿರಿ ಅರ್ಥ ಬಿಡಿಸಿ ಹೇಳಲು ಹೋಗಿ, "ಹೂ ಅಂದ್ರೆ ಯಾರು" ಎಂದ. "ಅದನ್ನೇ ಕಣಪ್ಪ ನಾನೂ ಕೇಳ್ತಿರೋದು" ಎಂದರು ಶಾಮಣ್ಣ. ಹತ್ತು ನಿಮಿಷ ಅಲ್ಲೇ ಹೋಯಿತು.

"ಸರಿ, ಇವ್ರು ಯಾಕೆ ಹೊಡೆದಾಡ್ತಾರೆ? ಅದು ಹೇಳಿ" ಎಂದರು ಈಗ.

ಗಿರಿ ಸೆಟೆದು ಕೂತ. ಅವನದು ಬುಲೆಟ್. "ನೋಡಿ, ಎರಡು ಗುಂಪು. ಒಂದು ರಾಕರ್‌ಗಳದು. ಲೆದರ್ ಜಾಕೆಟ್, ಎಣ್ಣೆ ಹಚ್ಚಿದ ಕ್ರಾಪು, ಟ್ರಯಂಫ್, ನಾರ್ಟನ್, ಬಿಎಸ್ಎ ಬೈಕು. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಏಸ್ ಕೆಫೆ ಅಂತ ಇದೆ, ಅಲ್ಲಿ ಸೇರೋದು, ಚಹಾ ಕುಡಿಯೋದು, ಗಾಡಿ ಓಡಿಸೋದು. ಗಂಡಸರು ಅಂದ್ರೆ ಅವರು. ಇನ್ನೊಂದು ಗುಂಪು ಮಾಡ್‌ಗಳದು."

"ಏನ್ ಮಾಡ್ತಾರೆ?"

"ಬಟ್ಟೆ ಇಸ್ತ್ರಿ ಮಾಡ್ತಾರೆ" ಎಂದ ಗಿರಿ.

ಸುಮಾಗೆ ರೇಗಿತು. "ಸುಮ್ನಿರೋ. ಮಾಡ್ ಅಂದ್ರೆ ಹೊಸ ಕಾಲದವರು. ಹಗಲೆಲ್ಲ ಆಫೀಸಲ್ಲಿ ಜವಾನಗಿರಿ, ಬಂದ ಸಂಬಳ ಪೂರ್ತಿ ಇಟಲಿ ಮಾದರಿ ಸೂಟಿಗೆ. ಅಮೆರಿಕದ ಕರಿಯರ ಸಂಗೀತ ಕೇಳ್ತಿದ್ರು, ಮಾತ್ರೆ ನುಂಗಿ ರಾತ್ರಿಯಿಡೀ ಕುಣೀತಿದ್ರು. ಓಡಾಡೋಕೆ ವೆಸ್ಪಾ, ಲ್ಯಾಂಬ್ರೆಟಾ. ಯಾಕೆ ಸ್ಕೂಟರ್ ಗೊತ್ತಾ? ಎಂಜಿನ್ ಮುಚ್ಚಿರತ್ತೆ, ಮುಂದೆ ತಗಡು ಇರತ್ತೆ. ಪ್ಯಾಂಟಿಗೆ ಎಣ್ಣೆ ಮೆತ್ತಲ್ಲ, ಕೆಸರು ಹಾರಲ್ಲ."

ಶಾಮಣ್ಣ ತೊಡೆ ತಟ್ಟಿದರು. "ನಾನು ತಗೊಂಡಿದ್ದೂ ಅದಕ್ಕೇ ಅಲ್ವಾ! ಬಿಳೀ ಪಂಚೆ ಉಟ್ಕೊಂಡು, ಹಿಂದೆ ನಮ್ಮನೆಯವಳನ್ನ ರೇಷ್ಮೆ ಸೀರೆಯಲ್ಲಿ ಕೂರಿಸ್ಕೊಂಡು ಎಷ್ಟು ಮದುವೆಗೆ ಹೋಗಿಲ್ಲ! ಒಂದು ಕಲೆ ಇಲ್ಲ."

"ಮಾಡ್‌ಗಳು ಸೂಟ್ ಮೇಲೆ ಪಾರ್ಕಾ ಅಂತ ದೊಗಳೆ ಕೋಟು ಹಾಕ್ತಿದ್ರು" ಎಂದಳು ಸುಮಾ. " ಅಮೆರಿಕದ ಸೈನ್ಯದವರು ಬೇಡ ಅಂತ ಮಾರಿದ ಮಾಲು. ಧೂಳು, ಮಳೆ ಎಲ್ಲ ಅದರ ಮೇಲೆ, ಸೂಟು ಒಳಗೆ ಬೆಚ್ಚಗೆ."

ಎಲ್ಲರ ಕಣ್ಣೂ ಬಾಗಿಲ ಹಿಂದಿನ ಮೊಳೆಯ ಕಡೆ ಹೋಯಿತು. ಅಲ್ಲಿ ಶಾಮಣ್ಣನ ರೇನ್‌ಕೋಟು ನೇತಾಡುತ್ತಿತ್ತು. ಇಸ್ತ್ರಿ ಮಾಡಿದ ಶರ್ಟು ಹಾಳಾಗುತ್ತದೆಂದು ಬೇಸಿಗೆಯಲ್ಲೂ ಅದನ್ನು ತೊಡುವ ಮನುಷ್ಯ ಅವರು.

"ಶಾಮಣ್ಣ, ಇನ್ನೊಂದು ಕೇಳಿ" ಎಂದು ಸುಮಾ ಮುಂದುವರಿಸಿದಳು. " ಇಟಲಿಯವರು ಲ್ಯಾಂಬ್ರೆಟಾ ಮಾಡೋದು ನಿಲ್ಲಿಸಿದ ಮೇಲೆ ಅದರ ಯಂತ್ರಗಳೆಲ್ಲ ಲಖ್ನೋಗೆ ಬಂದ್ವು. 1972ರಲ್ಲಿ ಸರ್ಕಾರವೇ ಕಂಪನಿ ಶುರು ಮಾಡ್ತು. ಆಮೇಲೆ ಇಂಗ್ಲೆಂಡಿನ ಮಾಡ್‌ಗಳು ಲಖ್ನೋದಲ್ಲಿ ಮಾಡಿದ ಲ್ಯಾಂಬ್ರೆಟಾ ತರಿಸ್ಕೊಂಡು ಓಡಿಸಿದ್ರು. ನಿಮ್ಮ ವಿಜಯ್ ಸೂಪರ್ ಅದೇ ಕಾರ್ಖಾನೆಯದ್ದು."

ಶಾಮಣ್ಣ ಮಾತಾಡಲಿಲ್ಲ. ಕಾಲರ್ ಮಾತ್ರ ಸರಿಮಾಡಿಕೊಂಡರು.

ಗಿರಿಗೆ ಹೊಟ್ಟೆಕಿಚ್ಚಾಯಿತು. "ನನ್ನ ಬುಲೆಟ್ಟೂ ಇಂಗ್ಲೆಂಡಿನ ರೆಡಿಚ್ಚಿಂದ ಮದ್ರಾಸಿಗೆ ಬಂದಿದ್ದೇ" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾಡ್‌ಗಳು ಸ್ಕೂಟರಿಗೆ ಹತ್ತಾರು ಕನ್ನಡಿ, ದೀಪ ಸಿಕ್ಕಿಸುತ್ತಿದ್ದರು. ನಾನೂ ಪಿಯುಸಿಯಲ್ಲಿ ಅಪ್ಪನ ಸ್ಕೂಟರಿಗೆ ನಾಲ್ಕು ಕನ್ನಡಿ ಹಾಕಿಸಿದ್ದೆ. ಅಮ್ಮ ನೋಡಿ, "ಕ್ಷೌರದಂಗಡಿ ಇಡ್ತೀಯೇನೋ?" ಎಂದರು. ಸಂಜೆಯೊಳಗೆ ಮೂರು ಕನ್ನಡಿ ಇಳಿದವು. ನನ್ನ ಕ್ರಾಂತಿ ಅಷ್ಟಕ್ಕೇ ಮುಗಿಯಿತು.

"ಜಗಳ ನಿಜವಾಗ್ಲೂ ಆಗಿತ್ತಾ, ಸಿನಿಮಾದಲ್ಲಿ ಮಾತ್ರವಾ?" ಶಾಮಣ್ಣನ ಪ್ರಶ್ನೆ.

ಆಗಿತ್ತು. 1964ರ ಈಸ್ಟರ್ ರಜೆಯಲ್ಲಿ ಕ್ಲಾಕ್ಟನ್ ಎಂಬ ಕಡಲೂರಿನಲ್ಲಿ ಶುರು. ಕೊರೆಯುವ ಚಳಿ, ಹುಡುಗರಿಗೆ ಹೊತ್ತು ಹೋಗಲು ಏನೂ ಇಲ್ಲ. ಮೇ ತಿಂಗಳ ರಜೆಗೆ ಮಾರ್ಗೇಟ್, ಬ್ರೈಟನ್. ಕಡಲ ದಂಡೆಯ ಮಡಿಸುವ ಕುರ್ಚಿಗಳೇ ಆಯುಧ. ಪತ್ರಿಕೆಗಳು ಇದನ್ನು ಕುರುಕ್ಷೇತ್ರದಂತೆ ಬರೆದವು. ಆಮೇಲೆ ಸ್ಟಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞರು 1972ರಲ್ಲಿ ಪುಸ್ತಕವನ್ನೇ ಬರೆದು, ಪತ್ರಿಕೆಗಳ ಗುಲ್ಲೇ ಜಾಸ್ತಿ ಎಂದು ತೋರಿಸಿದರು. ನನಗೆ ಇಷ್ಟವಾದದ್ದು ಮಾರ್ಗೇಟ್ ಕೋರ್ಟಿನ ಕಥೆ. ನ್ಯಾಯಾಧೀಶರು ಒಬ್ಬ ಹುಡುಗನಿಗೆ 75 ಪೌಂಡ್ ದಂಡ ಹಾಕಿದರು. ಅವನು ಗತ್ತಿನಿಂದ "ಚೆಕ್ ಕೊಡ್ತೀನಿ" ಎಂದ. ಆಮೇಲೆ ನೋಡಿದರೆ ಪುಣ್ಯಾತ್ಮನಿಗೆ ಬ್ಯಾಂಕ್ ಖಾತೆಯೇ ಇಲ್ಲ! ಸಿನಿಮಾದಲ್ಲಿ ಆ ಗತ್ತನ್ನು ಮಾಡ್‌ಗಳ ಹೀರೋ ಏಸ್ ಫೇಸ್ ಪಾತ್ರಕ್ಕೆ ಕೊಟ್ಟಿದ್ದಾರೆ. ಆ ಪಾತ್ರದಲ್ಲಿ ಇರುವುದು 'ದಿ ಪೊಲೀಸ್' ಎಂಬ ರಾಕ್ ಬ್ಯಾಂಡಿನ ಗಾಯಕ ಸ್ಟಿಂಗ್. ಅಷ್ಟು ಮೆರೆದವನು ಕೊನೆಗೆ ಹೋಟೆಲಿನಲ್ಲಿ ಗಿರಾಕಿಗಳ ಪೆಟ್ಟಿಗೆ ಹೊರುವುದನ್ನು ಸಿನಿಮಾದ ನಾಯಕ, ಮಾಡ್ ಹುಡುಗ ಜಿಮ್ಮಿ ನೋಡುತ್ತಾನೆ, ಎದೆ ಒಡೆಯುತ್ತದೆ.

"ದಿ ಹೂನವರೂ ಹುಟ್ಟಾ ಮಾಡ್‌ಗಳಾ?" ಎಂದೆ.

"ಎಲ್ಲಿಂದ! ಮ್ಯಾನೇಜರ್ ಒಬ್ಬ ಬಂದು ಆ ಬಟ್ಟೆ ತೊಡಿಸಿದ, ಹೆಸರನ್ನೂ ಹೈ ನಂಬರ್ಸ್ ಅಂತ ಬದಲಾಯಿಸಿದ. ರೆಕಾರ್ಡ್ ಓಡಲಿಲ್ಲ. ಮತ್ತೆ ಹಳೇ ಹೆಸರು" ಎಂದಳು ಸುಮಾ. "ಗಿಟಾರ್ ಒಡೆಯೋದೂ ಬೇಕಂತ ಶುರುವಾಗಿದ್ದಲ್ಲ. ಲಂಡನ್ನಿನ ಹ್ಯಾರೋ ಹತ್ರ ಒಂದು ಪಬ್ಬು, ಸೂರು ತಗ್ಗು. ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಗಿಟಾರ್ ಮೇಲೆತ್ತಿದ, ಸೂರಿಗೆ ತಗಲಿ ಗಿಟಾರಿನ ಕತ್ತು ಮುರೀತು. ಜನ ಕಿಸಕ್ಕಂದ್ರು. ಬೇಕಂತಲೇ ಮಾಡಿದ್ದು ಅನ್ನೋ ಹಾಗೆ ಪೂರ್ತಿ ಕುಟ್ಟಿ ಪುಡಿ ಮಾಡಿದ."

"ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ" ಎಂದರು ಶಾಮಣ್ಣ.

ಗಿರಿ ಸಿನಿಮಾದಲ್ಲಿ ತಪ್ಪು ಹುಡುಕತೊಡಗಿದ. ಒಬ್ಬ ರಾಕರ್ ಹಾಕಿರುವ ಟೀಶರ್ಟಿನ ಮೇಲೆ ಮೋಟರ್‌ಹೆಡ್ ಎಂದಿದೆ. ಆ ಬ್ಯಾಂಡ್ ಹುಟ್ಟಿದ್ದೇ 1975ರಲ್ಲಿ. ಬ್ರೈಟನ್ ಟಾಕೀಸಿನ ಬೋರ್ಡಿನಲ್ಲಿ 1978ರ ಸಿನಿಮಾದ ಹೆಸರಿದೆ. ಕಂಪನಿ ನಾಟಕದಲ್ಲಿ ಭೀಮ ಕೈಗಡಿಯಾರ ಕಟ್ಟಿಕೊಂಡು ಗದೆ ಎತ್ತಿದ ಹಾಗೆ. ನನಗಂತೂ ಇದರಿಂದ ಸಿನಿಮಾ ಇನ್ನಷ್ಟು ಹತ್ತಿರವಾಯಿತು.

"ಎಲ್ಲ ಸರಿ, ಆ ಸ್ನಾನದ ಮನೆ ನೋಡಿದ್ರಾ?" ಎಂದೆ. ಎಲ್ಲರೂ ಒಮ್ಮೆಲೇ "ಹ್ಞಾಂ!" ಎಂದರು.

ಅದು ಊರವರ ಸ್ನಾನದ ಮನೆ. ಸಾಲಾಗಿ ತೊಟ್ಟಿಗಳು, ಮಧ್ಯೆ ಅಡ್ಡಗೋಡೆ. ಜಿಮ್ಮಿ ತನ್ನ ತೊಟ್ಟಿಯಲ್ಲಿ ಕೂತು ಕಿಂಕ್ಸ್ ಬ್ಯಾಂಡಿನ ಹಾಡು ಕಿರುಚುತ್ತಾನೆ. ಪಕ್ಕದವನು ಹಳೇ ರಾಕ್ ಗಾಯಕ ಜೀನ್ ವಿನ್ಸೆಂಟ್‌ನ ಹಾಡು ಕಿರುಚುತ್ತಾನೆ. ಒಬ್ಬರ ಗಂಟಲು ಅಡಗಿಸಲು ಇನ್ನೊಬ್ಬರು. ಜಿಮ್ಮಿ ಬೈಯಲೆಂದು ಗೋಡೆಯಾಚೆ ಇಣುಕಿದರೆ ಹಳೇ ಸ್ಕೂಲ್ ಗೆಳೆಯ ಕೆವಿನ್! ಮೈಮೇಲೆ ಸೋಪಿನ ನೊರೆ ಬಿಟ್ಟರೆ ಏನಿಲ್ಲ, ಇಬ್ಬರೂ ನಗುತ್ತಾರೆ. ಆಮೇಲೆ ಬಟ್ಟೆ ಹಾಕಿಕೊಂಡ ಕೆವಿನ್‌ನನ್ನು ನೋಡುತ್ತಾನೆ. ಲೆದರ್! ರಾಕರ್! ಮುಖ ಹುಳ್ಳಗಾಗುತ್ತದೆ. ಮುಂದೆ ಒಂದು ರಾತ್ರಿ ಜಿಮ್ಮಿಯ ಗುಂಪು ಒಬ್ಬ ರಾಕರ್‌ನನ್ನು ಹಿಡಿದು ಚಚ್ಚುತ್ತದೆ. ಅವನು ಕೆವಿನ್ ಎಂದು ಗೊತ್ತಾದ ಮೇಲೂ ಜಿಮ್ಮಿ ಬಿಡಿಸುವುದಿಲ್ಲ, ಸ್ಕೂಟರ್ ಹತ್ತಿ ಹೊರಟುಬಿಡುತ್ತಾನೆ.

ಗಿರಿಯೂ ಸುಮ್ಮನಾದ. ಚುರುಮುರಿ ಮೆತ್ತಗಾಗಿತ್ತು, ಆದರೂ ತಿಂದೆವು.

"ಆ ಕೊನೆಯ ದೃಶ್ಯ ತೆಗೆಯುವಾಗ ನಿರ್ದೇಶಕ ಹೆಲಿಕಾಪ್ಟರಿನಲ್ಲಿದ್ದನಂತೆ ಶಾಮಣ್ಣ. ಸ್ಕೂಟರ್ ಅಂದಾಜಿಗಿಂತ ದೂರ ಹಾರಿ ಅವನಿಗೇ ಬಡಿಯೋದ್ರಲ್ಲಿತ್ತು" ಎಂದೆ.

"ಬಡೀಬೇಕಿತ್ತು" ಎಂದರು ಶಾಮಣ್ಣ. "ಮೊದಲು ಒಂದನ್ನ ಅಂಚೆ ವ್ಯಾನಿಗೆ ಸಿಕ್ಕಿಸಿ ಅಪ್ಪಚ್ಚಿ ಮಾಡಿದ್ರು. ಇದು ಎರಡನೇದು. ಅದಕ್ಕೂ ಸಿಟ್ಟು ಬರಲ್ವಾ?"

ಒಂಬತ್ತು ಗಂಟೆಗೆ ಎದ್ದೆವು. ಶಾಮಣ್ಣ ರೇನ್‌ಕೋಟು ತೊಟ್ಟು ವಿಜಯ್ ಸೂಪರ್ ಕಿಕ್ ಹೊಡೆದರು. ಹತ್ತು ಕಿಕ್, ಹದಿನೈದು ಕಿಕ್. ಸದ್ದಿಲ್ಲ. ಗಿರಿ ಬುಲೆಟ್ಟನ್ನು ಸ್ಟ್ಯಾಂಡಿಗೆ ಹಾಕಿ, ಹೆಲ್ಮೆಟ್ ನನ್ನ ಕೈಗೆ ಕೊಟ್ಟು, ಹಿಂದಿನಿಂದ ತಳ್ಳಲು ಹೋದ.

"ನಿಲ್ಲೋ, ನಿಲ್ಲೋ" ಎಂದು ಶಾಮಣ್ಣ ತಿರುಗಿ ನೋಡಿದರು. "ಬುಲೆಟ್ ಮುಟ್ಟಿದ ಕೈ ಅದು. ಸೀಟು ಹಿಡ್ಕೊಂಡು ತಳ್ಳು, ಶರ್ಟಿಗೆ ತಾಗಿಸಬೇಡ."