ಪೋಸ್ಟ್‌ಗ್ರೆಸ್: ಟ್ರಿಗರ್ ಇರುವ ಟೇಬಲ್‌ನಲ್ಲಿ ಇನ್ಸರ್ಟ್ ನಿಂತುಬಿಡುತ್ತದೆ, ಆಗಾಗ ಡೆಡ್‌ಲಾಕ್

ಪ್ರಶ್ನೆ
ಪೋಸ್ಟ್‌ಗ್ರೆಸ್ 15 ಡೇಟಾಬೇಸ್. ಆರ್ಡರ್ ಐಟಂಗಳ ಟೇಬಲ್‌ಗೆ ಆಫ್ಟರ್ ಇನ್ಸರ್ಟ್, ಫಾರ್ ಈಚ್ ರೋ ಟ್ರಿಗರ್ (ಪ್ರತಿ ಹೊಸ ರೋ ಸೇರಿದ ಮೇಲೆ ತಾನಾಗಿ ಓಡುವ ಕೋಡ್) ಇದೆ. ಆ ಐಟಂನ ಒಟ್ಟು ಮಾರಾಟವನ್ನು ಮೊತ್ತದ ಟೇಬಲ್‌ನಲ್ಲಿ ಏರಿಸುವುದಷ್ಟೇ ಅದರ ಕೆಲಸ. ಒಬ್ಬರೇ ಟೆಸ್ಟ್ ಮಾಡಿದರೆ ತಡವೇ ಇಲ್ಲ. ಲೋಡ್ ಏರಿದಾಗ ಇನ್ಸರ್ಟ್‌ಗಳು ಸಾಲುಗಟ್ಟುತ್ತವೆ, ಲಾಗ್‌ನಲ್ಲಿ ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾದು ಸಿಕ್ಕಿಬೀಳುವುದು) ಎರರ್. ಸಿಪಿಯು ಮಾತ್ರ ಖಾಲಿ. ಇಂಡೆಕ್ಸ್ ಸರಿಯಿದೆ. ಎಲ್ಲಿ ನೋಡಲಿ?

ಉತ್ತರ
ಲಾಕ್‌ಗಾಗಿ (ಒಬ್ಬರು ಬದಲಿಸುತ್ತಿರುವ ರೋವನ್ನು ಇನ್ನೊಬ್ಬರು ಬದಲಿಸದಂತೆ ತಡೆಯುವ ಬೀಗ) ಕಾಯುತ್ತಿರುವ ಲಕ್ಷಣ ಇದು. ನಿಂತಿರುವಾಗಲೇ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ (ಯಾವ ಸೆಷನ್ ಏನು ಮಾಡುತ್ತಿದೆ ಎಂದು ತೋರಿಸುವ ವ್ಯೂ) ನೋಡಿ: ವೇಟ್ ಇವೆಂಟ್ ಟೈಪ್ ‘ಲಾಕ್’, ಇವೆಂಟ್ ‘ಟ್ರಾನ್ಸಾಕ್ಷನ್‌ಐಡಿ’ ಅಥವಾ ‘ಟಪಲ್’ ಎಂದಿದ್ದರೆ ಅನುಮಾನವೇ ಬೇಡ. ಯಾರು ತಡೆದಿದ್ದಾರೆ ಎಂಬುದನ್ನು ಪಿಜಿ_ಬ್ಲಾಕಿಂಗ್_ಪಿಐಡಿಸ್ ಫಂಕ್ಷನ್ ಹೇಳುತ್ತದೆ.

ಟ್ರಿಗರ್ ಒಂದು ಮಿಲಿಸೆಕೆಂಡಿನಲ್ಲಿ ಮುಗಿದರೂ ಅದು ಹಿಡಿದ ರೋ ಲಾಕ್ ಬಿಡುವುದು ಇಡೀ ಟ್ರಾನ್ಸಾಕ್ಷನ್ (ಒಟ್ಟಿಗೆ ಮುಗಿಯುವ ಕೆಲಸಗಳ ಕಟ್ಟು) ಕಮಿಟ್ ಆದಾಗಲೇ, ಅಂದರೆ ಬದಲಾವಣೆ ಖಾಯಂ ಆದಾಗಲೇ. ಇನ್ಸರ್ಟ್ ಆದಮೇಲೆ, ಕಮಿಟ್‌ಗೆ ಮೊದಲು ನಿಮ್ಮ ಆ್ಯಪ್ ಪೇಮೆಂಟ್ ಎಪಿಐ ಕರೆದು 400 ಮಿಲಿಸೆಕೆಂಡ್ ಕಾದರೆ, ಒಂದೇ ಐಟಂಗೆ ಸೆಕೆಂಡಿಗೆ ಎರಡು-ಮೂರು ಆರ್ಡರ್‌ಗಿಂತ ಹೆಚ್ಚು ಸಾಗುವುದಿಲ್ಲ. ಎಷ್ಟು ಕೋರ್ ಹಾಕಿದರೂ ಅಷ್ಟೇ. ಮೊದಲು ಆ ಕರೆಯನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ಹಾಕಿ. ಅರ್ಧ ತೊಂದರೆ ಅಲ್ಲೇ ಹೋಗಬಹುದು.

ಡೆಡ್‌ಲಾಕ್ ಹುಟ್ಟುವುದು ಕ್ರಮದಿಂದ. ಒಂದು ಆರ್ಡರ್‌ನಲ್ಲಿ ಅಕ್ಕಿ ಮೊದಲು, ಬೇಳೆ ಆಮೇಲೆ, ಇನ್ನೊಂದರಲ್ಲಿ ತಿರುಗುಮುರುಗು. ಇಬ್ಬರೂ ಒಂದೊಂದು ರೋ ಹಿಡಿದು ಇನ್ನೊಂದಕ್ಕೆ ಕಾಯುತ್ತಾರೆ. ಡೆಡ್‌ಲಾಕ್_ಟೈಮ್‌ಔಟ್ (ಡೀಫಾಲ್ಟ್ 1 ಸೆಕೆಂಡ್) ಕಳೆದ ಮೇಲೆ ಪೋಸ್ಟ್‌ಗ್ರೆಸ್ ಒಂದನ್ನು ರದ್ದು ಮಾಡುತ್ತದೆ.

ಟ್ರಿಗರನ್ನು ಫಾರ್ ಈಚ್ ಸ್ಟೇಟ್‌ಮೆಂಟ್ ಮಾಡಿ, ಟ್ರಾನ್ಸಿಷನ್ ಟೇಬಲ್ ಬಳಸಿ (ಆ ಸ್ಟೇಟ್‌ಮೆಂಟ್ ಸೇರಿಸಿದ ಎಲ್ಲ ರೋಗಳೂ ಟ್ರಿಗರ್‌ಗೆ ಒಟ್ಟಿಗೆ ಸಿಗುವ ಟೇಬಲ್; ಆವೃತ್ತಿ 10ರಿಂದ ಇದೆ). ಆರ್ಡರ್‌ನ ಎಲ್ಲ ಐಟಂಗಳೂ ಒಂದೇ ಇನ್ಸರ್ಟ್‌ನಲ್ಲಿ ಬರಲಿ. ಟ್ರಿಗರ್ ಒಳಗೆ ಮೊದಲು ಬೇಕಾದ ಮೊತ್ತದ ರೋಗಳನ್ನು ಐಟಂ ಐಡಿ ಪ್ರಕಾರ ಆರ್ಡರ್ ಬೈ ಹಾಕಿ ಸೆಲೆಕ್ಟ್ ಫಾರ್ ನೋ ಕೀ ಅಪ್‌ಡೇಟ್‌ನಿಂದ ಹಿಡಿಯಿರಿ, ಆಮೇಲೆ ಗ್ರೂಪ್ ಬೈ ಮಾಡಿದ ಮೊತ್ತದಿಂದ ಅಪ್‌ಡೇಟ್ ಮಾಡಿ. ಬರೀ ಅಪ್‌ಡೇಟ್ ಬರೆದರೆ ಯಾವ ಕ್ರಮದಲ್ಲಿ ಲಾಕ್ ಬೀಳುತ್ತದೆ ಎಂಬ ಖಾತ್ರಿಯಿಲ್ಲ.

ಮರುಪ್ರಶ್ನೆ
ಧನ್ಯವಾದ ಸರ್. ಹಳೆಯ ಮೊತ್ತಕ್ಕೆ ಕೂಡುವ ಬದಲು ಪ್ರತಿ ಸಲ ಆ ಐಟಂನ ಎಲ್ಲ ರೋಗಳ ಸಮ್ ತೆಗೆದು ಬರೆದರೆ?

ಉತ್ತರ
ಬೇಡ. ರೀಡ್ ಕಮಿಟೆಡ್‌ನಲ್ಲಿ (ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಐಸೊಲೇಷನ್ ಮಟ್ಟ) ಪಕ್ಕದವರ ಕಮಿಟ್ ಆಗದ ರೋ ನಿಮಗೆ ಕಾಣುವುದಿಲ್ಲ. ಮೊತ್ತ ತಪ್ಪುತ್ತದೆ, ಎರರ್ ಕೂಡ ಬರುವುದಿಲ್ಲ. ನಿಧಾನಕ್ಕಿಂತ ಇದು ಅಪಾಯ.

ಇನ್ನೊಬ್ಬರ ಉತ್ತರ
ಮೊತ್ತ ಕೆಲವು ಸೆಕೆಂಡ್ ಹಿಂದಿದ್ದರೆ ನಡೆಯುತ್ತದೆ ಎಂದಾದರೆ ಅಪ್‌ಡೇಟನ್ನೇ ಬಿಡಿ. ಟ್ರಿಗರ್ ಒಂದು ಡೆಲ್ಟಾ (ಬದಲಾವಣೆ ಮಾತ್ರ ಬರೆದಿಡುವ) ಟೇಬಲ್‌ಗೆ ಐಟಂ ಐಡಿ ಮತ್ತು ಪ್ರಮಾಣವನ್ನು ಇನ್ಸರ್ಟ್ ಮಾಡಲಿ. ಅಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ಪಿಜಿ_ಕ್ರಾನ್ (ನಿಗದಿತ ವೇಳೆಗೆ ಕೆಲಸ ಓಡಿಸುವ ಎಕ್ಸ್‌ಟೆನ್ಷನ್) ಅಥವಾ ಬೇರೆ ಜಾಬ್ ಒಂದೇ ಸ್ಟೇಟ್‌ಮೆಂಟ್‌ನಲ್ಲಿ ಡಿಲೀಟ್ ರಿಟರ್ನಿಂಗ್‌ನಿಂದ ಅವನ್ನು ಎತ್ತಿ, ಕೂಡಿಸಿ, ಮೊತ್ತದ ಟೇಬಲ್‌ಗೆ ಸೇರಿಸಲಿ. ಈಗಿನ ಅಂಕಿ ಬೇಕಾದವರು ಎರಡೂ ಟೇಬಲ್ ಕೂಡಿಸಿ ಓದಬಹುದು. ಡೆಲ್ಟಾ ಟೇಬಲ್‌ಗೆ ಆಟೋವ್ಯಾಕ್ಯೂಮ್ (ಡಿಲೀಟ್ ಆದ ರೋಗಳ ಜಾಗ ತೆರವು ಮಾಡುವ ಕೆಲಸ) ಮೇಲಿಂದ ಮೇಲೆ ಓಡುವಂತೆ ಇಡಿ, ಸತ್ತ ರೋಗಳು ಬೇಗ ತುಂಬುತ್ತವೆ.

ಆದರೆ ಸ್ಟಾಕ್ ಸೊನ್ನೆಗಿಂತ ಕೆಳಗೆ ಇಳಿಯಬಾರದು ಎಂಬ ನಿಯಮವಿದ್ದರೆ ಈ ದಾರಿ ಒಗ್ಗದು. ಅಲ್ಲಿ ಲಾಕ್ ಬೇಕೇ ಬೇಕು: ಚೆಕ್ ಕನ್‌ಸ್ಟ್ರೇಂಟ್ ಹಾಕಿ, ಮೇಲೆ ಹೇಳಿದ ಕ್ರಮದಲ್ಲೇ ಲಾಕ್ ಹಿಡಿದು, ಆ ಅಪ್‌ಡೇಟನ್ನು ಕಮಿಟ್‌ಗೆ ಆದಷ್ಟು ಹತ್ತಿರ ತನ್ನಿ. 40ಪಿ01 (ಡೆಡ್‌ಲಾಕ್) ಎರರ್ ಬಂದರೆ ಇಡೀ ಟ್ರಾನ್ಸಾಕ್ಷನ್ ಮತ್ತೆ ಓಡಿಸುವ ಕೋಡ್ ಆ್ಯಪ್‌ನಲ್ಲಿ ಇರಲಿ.