ಲೂಚೀಚ್ ಕೊಟ್ಟು ನೀಲ್ ತಂದ ವ್ಯಾಪಾರ

"ಆರು ಗೋಲಿಗೆ ಅರವತ್ತು ಲಕ್ಷ ಡಾಲರ್! ಒಂದು ಗೋಲಿಗೆ ಹತ್ತು ಲಕ್ಷ ಬಿತ್ತು. ಎಣ್ಣೆ ಮಾರಿದ ದುಡ್ಡನ್ನೆಲ್ಲ ಎಡ್ಮಂಟನ್ನಿನವರು ಲೂಚೀಚ್‌ಗೇ ಸುರಿದ್ರಾ?" ಎಂದರು ಗೌಡ್ರು.

ಭಟ್ರು ತಲೆ ಎತ್ತಲಿಲ್ಲ. "ನಿಮ್ಮ ನೀಲ್ ಏನು ಕಡಿದು ಕಟ್ಟೆ ಹಾಕಿದ್ದ? ಏಳು ಗೋಲು, ಐವತ್ತೇಳೂವರೆ ಲಕ್ಷ. ಗೋಲಿಗೆ ಎಂಟು ಲಕ್ಷದ ಮೇಲಾಯ್ತು. ಏನೋ ಪುಕ್ಕಟೆ ಹೊಡೆದ ಹಾಗೆ ಆಡಬೇಡಿ."

ಗೌಡ್ರು ಮಂಡ್ಯದವರು. ಕೆನಡಾದ ಕ್ಯಾಲ್ಗರಿಗೆ ಬಂದು ಅಲ್ಲಿನ ಐಸ್ ಹಾಕಿ ತಂಡ ಫ್ಲೇಮ್ಸ್‌ನ ಭಕ್ತರಾದವರು. ಭಟ್ರು ಶಿರಸಿ ಕಡೆಯವರು, ಎಡ್ಮಂಟನ್‌ನಲ್ಲಿ ಲೆಕ್ಕಪತ್ರದ ಕೆಲಸ, ಆ ಊರಿನ ತಂಡ ಆಯಿಲರ್ಸ್ ಪಕ್ಷ. ಎರಡು ಊರಿನ ನಡುವೆ ಸುಮಾರು 300 ಕಿಲೋಮೀಟರ್ ಹೆದ್ದಾರಿ. ಅಷ್ಟು ದೂರ ಕಾರು ಓಡಿಸಿಕೊಂಡು ಭಟ್ರು ಬರೋದು ಅಕ್ಕನ ಬಸ್ಸಾರಿಗೋ, ಗೌಡ್ರ ಜೊತೆ ಜಗಳಕ್ಕೋ ಹೇಳೋದು ಕಷ್ಟ. ಅಕ್ಕ ಅಂದರೆ ಗೌಡ್ರ ಮನೆಯವರು. ಹಾಕಿ ನಮ್ಮೆಲ್ಲರಿಗಿಂತ ಅವರಿಗೇ ಜಾಸ್ತಿ ಗೊತ್ತು. ಅದಕ್ಕೇ ಕಮ್ಮಿ ಮಾತಾಡ್ತಾರೆ.

ಅವತ್ತು ಒಬ್ಬ ಹೊಸ ಹುಡುಗನೂ ಇದ್ದ. ಓದೋಕೆ ಬಂದವನು. ಹಾಕಿ ಅಂದರೆ ಅವನಿಗೆ ಕೊಡಗು, ಹುಲ್ಲಿನ ಮೈದಾನ, ಅಷ್ಟೇ. "ಸರ್, ಈ ಇಬ್ಬರೂ ಯಾರು?" ಎಂದು ಕೇಳಿಬಿಟ್ಟ. ಮುಗೀತು. ಗೌಡ್ರು ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತರು.

ಕಥೆ 2019ರ ಜುಲೈ 19ರದು. ಎಡ್ಮಂಟನ್ ಆಯಿಲರ್ಸ್ ತಂಡ ಮಿಲನ್ ಲೂಚೀಚ್‌ನನ್ನು ಕ್ಯಾಲ್ಗರಿ ಫ್ಲೇಮ್ಸ್‌ಗೆ ಕೊಟ್ಟಿತು, ಬದಲಿಗೆ ಜೇಮ್ಸ್ ನೀಲ್‌ನನ್ನು ತಂದಿತು. ಇಬ್ಬರೂ ಫಾರ್ವರ್ಡ್‌ಗಳು. ಇಬ್ಬರಿಗೂ ಮೂವತ್ತು ದಾಟಿತ್ತು. ಇಬ್ಬರ ಒಪ್ಪಂದವೂ 2023ರವರೆಗೆ. ಇಬ್ಬರೂ ಹಿಂದಿನ ವರ್ಷ ಆಟ ಮರೆತವರ ಹಾಗೆ ಆಡಿದ್ದರು. ಮೇಲಾಗಿ ಈ ಎರಡು ತಂಡಗಳು ಎಂಥ ಜನ್ಮವೈರಿಗಳೆಂದರೆ, ಇವುಗಳ ನಡುವೆ ಮೊಟ್ಟಮೊದಲ ಟ್ರೇಡ್ ನಡೆದದ್ದೇ 2010ರಲ್ಲಿ.

"ಆಟ ಹೋದ್ರೆ ಬಿಟ್ಟು ಕಳಿಸೋದಪ್ಪ. ಐಪಿಎಲ್‌ನಲ್ಲಿ ಹಾಗೇ ಮಾಡ್ತಾರಲ್ಲ. ಹರಾಜಿಗೆ ಮುಂಚೆ ರಿಲೀಸ್ ಮಾಡಿದ್ರೆ ದುಡ್ಡು ವಾಪಸ್ ಪರ್ಸ್‌ಗೆ ಬರುತ್ತೆ," ಎಂದ ಹುಡುಗ.

ಭಟ್ರಿಗೆ ಇಂಥ ಪ್ರಶ್ನೆ ಬೇಕಿತ್ತು. "ಇಲ್ಲಿ ಆ ಭಾಗ್ಯ ಇಲ್ಲ ಮಗಾ. ಇಲ್ಲಿ ಸಹಿ ಹಾಕಿದ್ರೆ ಹಾಕಿದ ಹಾಗೇ. ಗೋಲು ಹೊಡೀಲಿ ಬಿಡಲಿ, ಸಂಬಳ ಕೊಡಲೇಬೇಕು. ಇಡೀ ತಂಡದ ಸಂಬಳಕ್ಕೆ ಒಂದು ಮಿತಿ ಬೇರೆ ಇದೆ. ಅದನ್ನ ಕ್ಯಾಪ್ ಅಂತಾರೆ. ಆ ವರ್ಷ ಎಂಟು ಕೋಟಿ ಹದಿನೈದು ಲಕ್ಷ ಡಾಲರ್. ಅದರಲ್ಲಿ ನಮ್ಮ ಮ್ಯಾಕ್‌ಡೇವಿಡ್ ಒಬ್ಬನಿಗೇ ಒಂದೂಕಾಲು ಕೋಟಿ. ಲೂಚೀಚ್‌ಗೆ ಅರವತ್ತು ಲಕ್ಷ ಹೋದ್ರೆ ಮಿಕ್ಕವರಿಗೆ ಏನುಳೀತು?"

"ಬೈಔಟ್ ಅಂತ ಒಂದಿದೆಯಲ್ಲ, ಅದನ್ನ ಹೇಳ್ರಿ," ಎಂದರು ಅಕ್ಕ.

"ಅಲ್ಲಿಗೇ ಬರ್ತಿದ್ದೀನಿ ಅಕ್ಕಾ. ಬೈಔಟ್ ಅಂದ್ರೆ ಉಳಿದ ಸಂಬಳದಲ್ಲಿ ಮೂರರಲ್ಲಿ ಎರಡು ಭಾಗ ಕೊಟ್ಟು ಕೈ ಮುಗಿದು ಕಳಿಸೋದು. ಅದನ್ನೂ ಉಳಿದ ವರ್ಷದ ದುಪ್ಪಟ್ಟು ಕಾಲ ಹಂಚಿ ಕೊಡಬೇಕು. ಆದರೆ ಸೈನಿಂಗ್ ಬೋನಸ್ ಅಂತ ಬರೆದ ದುಡ್ಡಿಗೆ ಈ ರಿಯಾಯಿತಿ ಇಲ್ಲ, ಪೂರ್ತಿ ಕೊಡಬೇಕು. ಲೂಚೀಚ್ ಒಪ್ಪಂದದ ತುಂಬಾ ಬೋನಸ್ಸೇ ಇತ್ತು. ಕಳಿಸಿದ್ರೂ ಅಷ್ಟೇ, ಇಟ್ಟುಕೊಂಡ್ರೂ ಅಷ್ಟೇ."

"ಅಂಥ ಕಾಗದಕ್ಕೆ ಯಾರು ಸಹಿ ಹಾಕಿದ್ದು?"

ಭಟ್ರು ನೀರು ಕುಡಿದರು. ಉತ್ತರ ಗೌಡ್ರೇ ಕೊಟ್ಟರು, ಬಾಯ್ತುಂಬ ನಗುತ್ತಾ. ಪೀಟರ್ ಕಿಯಾರೆಲ್ಲಿ. 2011ರಲ್ಲಿ ಬಾಸ್ಟನ್ ತಂಡ ಲೀಗಿನ ಅತಿದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದಾಗ ಅಲ್ಲಿನ ಜನರಲ್ ಮ್ಯಾನೇಜರ್ ಅವರೇ. ಆ ಋತುವಿನಲ್ಲಿ ಲೂಚೀಚ್ ಮೂವತ್ತು ಗೋಲು ಹೊಡೆದಿದ್ದ. ಜೊತೆಗೆ ಎದುರಿಗೆ ಸಿಕ್ಕವರನ್ನೆಲ್ಲ ಗೋಡೆಗೆ ಅಪ್ಪಚ್ಚಿ ಮಾಡಿದ್ದ. ಆರಡಿ ಮೂರಿಂಚಿನ ಆಳು. ಆಮೇಲೆ ಕಿಯಾರೆಲ್ಲಿ ಎಡ್ಮಂಟನ್‌ಗೆ ಬಂದರು. 2016ರ ಜುಲೈ 1ರಂದು ಹಳೇ ಹುಡುಗನನ್ನು ಕರೆದು ಏಳು ವರ್ಷಕ್ಕೆ ನಾಲ್ಕು ಕೋಟಿ ಇಪ್ಪತ್ತು ಲಕ್ಷ ಡಾಲರ್ ಬರೆದುಕೊಟ್ಟರು. ಅದಕ್ಕೆ ಎರಡು ದಿನ ಮುಂಚೆ ಟೇಲರ್ ಹಾಲ್‌ನಂಥ ಆಟಗಾರನನ್ನು ಬೇರೆ ತಂಡಕ್ಕೆ ಕೊಟ್ಟು ಕೈ ತೊಳೆದುಕೊಂಡಿದ್ದರು. ಹಾಲ್ ಹೆಸರು ಎತ್ತಿದರೆ ಭಟ್ರು ಊಟ ಬಿಡುತ್ತಾರೆ, ಅದಕ್ಕೇ ಗೌಡ್ರು ಎತ್ತಿದ್ದು.

"ಮೊದಲ ವರ್ಷ ಇಪ್ಪತ್ಮೂರು ಗೋಲು ಹೊಡೆದಿದ್ದ, ಅದನ್ನೂ ಹೇಳಿ," ಎಂದರು ಭಟ್ರು.

"ಎರಡನೇ ವರ್ಷ?"

"ಹತ್ತು."

"ಮೂರನೇ ವರ್ಷ?"

"ಆರು. ಗೊತ್ತಿದ್ದೂ ಯಾಕೆ ಕೇಳ್ತೀರಿ?"

ಇನ್ನು ನೀಲ್ ಪುರಾಣ. ಇವನು ಪಕ್ಕಾ ಗೋಲು ಹೊಡೆಯೋ ಆಸಾಮಿ. ಸತತ ಹತ್ತು ಋತು, ಪ್ರತಿ ಋತುವಿನಲ್ಲೂ ಇಪ್ಪತ್ತು ಅಥವಾ ಹೆಚ್ಚು ಗೋಲು. 2011-12ರಲ್ಲಿ ಪಿಟ್ಸ್‌ಬರ್ಗ್‌ಗೆ ನಲವತ್ತು. ಫ್ಲೇಮ್ಸ್ ನಂಬದೆ ಇರೋದು ಹೇಗೆ? 2018ರಲ್ಲಿ ಐದು ವರ್ಷಕ್ಕೆ ಬರೆದುಕೊಟ್ಟರು. ಕ್ಯಾಲ್ಗರಿ ಜರ್ಸಿ ತೊಟ್ಟಿದ್ದೇ ತಡ, 63 ಪಂದ್ಯಕ್ಕೆ ಏಳು ಗೋಲು. ತಂಡವೇನೋ ಆ ವರ್ಷ ಪಶ್ಚಿಮ ವಿಭಾಗದಲ್ಲೇ ಮೊದಲು. ಇವನು ಮಾತ್ರ ಪ್ಲೇಆಫ್‌ನ ಕೊನೆಯ ಪಂದ್ಯ ನೋಡಿದ್ದು ಪ್ರೇಕ್ಷಕನಾಗಿ.

"ಹಾಗಾದ್ರೆ ಇಬ್ಬರೂ ತಮ್ಮ ತಮ್ಮ ತಲೆನೋವು ಬದಲಾಯಿಸಿಕೊಂಡ್ರು," ಎಂದ ಹುಡುಗ.

ಗೌಡ್ರಿಗೆ ಊರು ನೆನಪಾಯಿತು. "ನಮ್ಮ ಕಡೆ ದನದ ಜಾತ್ರೇಲಿ ನೋಡಬೇಕಿತ್ತು ನೀನು. ಇಬ್ಬರದೂ ಮುದಿ ಎತ್ತು. ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ವ್ಯಾಪಾರ. ಇವನದು ಕುಂಟ್ತದೆ ಅಂತ ಅವನಿಗೆ ಗೊತ್ತು, ಅವನದು ಹಾಯ್ತದೆ ಅಂತ ಇವನಿಗೆ ಗೊತ್ತು. ಆದ್ರೂ ಇಬ್ಬರೂ ಮನೆಗೆ ಹೋಗಿ ಹೆಂಡ್ತಿ ಹತ್ರ ನಾನೇ ಗೆದ್ದೆ ಅಂತಾರೆ."

"ಎತ್ತಿಗೆ ನೋ-ಮೂವ್‌ಮೆಂಟ್ ಕ್ಲಾಜ್ ಇರಲ್ಲ ಗೌಡ್ರೇ," ಎಂದರು ಭಟ್ರು. ಮಾತು ಸರಿ. ಲೂಚೀಚ್‌ನ ಒಪ್ಪಿಗೆ ಇಲ್ಲದೆ ಅವನನ್ನು ಎಲ್ಲಿಗೂ ಕಳಿಸುವಂತಿರಲಿಲ್ಲ. ಅವನು ಹೂಂ ಅಂದಮೇಲೇ ವ್ಯಾಪಾರ ಕುದುರಿದ್ದು.

ಸುಮ್ನೆ ಇಬ್ಬರನ್ನು ಅದಲು ಬದಲು ಮಾಡಿದ್ದರೆ ಈ ಜಗಳ ಇಷ್ಟು ವರ್ಷ ಬಾಳುತ್ತಿರಲಿಲ್ಲ. ಒಳಗೆ ಇನ್ನೂ ಎರಡು ಗಂಟು ಇದ್ದವು. ಮೊದಲನೆಯದು, ಲೂಚೀಚ್ ಸಂಬಳದಲ್ಲಿ ನೂರಕ್ಕೆ ಹನ್ನೆರಡೂವರೆ ಭಾಗ, ಅಂದರೆ ವರ್ಷಕ್ಕೆ ಏಳೂವರೆ ಲಕ್ಷ ಡಾಲರ್, ಎಡ್ಮಂಟನ್ನೇ ಹೊರಬೇಕು. ಹೀಗಾಗಿ ಫ್ಲೇಮ್ಸ್‌ಗೆ ಲೂಚೀಚ್ ಬಿದ್ದದ್ದು ಐವತ್ತೆರಡೂವರೆ ಲಕ್ಷಕ್ಕೆ. ನೀಲ್‌ಗೆ ಕೊಡುತ್ತಿದ್ದುದಕ್ಕಿಂತ ವರ್ಷಕ್ಕೆ ಐದು ಲಕ್ಷ ಉಳಿತಾಯ. "ಅಷ್ಟೇ ಐದು ಲಕ್ಷ ನಿಮಗೆ ಜಾಸ್ತಿ ಬಿತ್ತು, ಅಲ್ವಾ?" ಎಂದು ಗೌಡ್ರು ಕೇಳಿದರೆ ಭಟ್ರು, "ಬಿಡಿಸಿಕೊಳ್ಳೋಕೆ ಆಗೋ ಕಾಗದ ಸಿಕ್ತಲ್ಲ, ಅದಕ್ಕೆ ಕೊಟ್ಟ ಬೆಲೆ," ಎನ್ನುತ್ತಾರೆ. ನನಗೂ ಭಟ್ರ ಮಾತೇ ಸರಿ ಅನಿಸುತ್ತದೆ. ಆಯಿಲರ್ಸ್‌ಗೆ ಹೊಸ ಜನರಲ್ ಮ್ಯಾನೇಜರ್ ಆಗಿ ಬಂದಿದ್ದ ಕೆನ್ ಹಾಲೆಂಡ್ ಕೊಂಡದ್ದು ನೀಲ್‌ನ ಕಾಲನ್ನಲ್ಲ, ಕೈಯನ್ನಲ್ಲ, ಬೈಔಟ್ ಮಾಡಬಹುದಾದ ಒಪ್ಪಂದವನ್ನು. ಗೌಡ್ರ ಎದುರಿಗೆ ಇದನ್ನು ಹೇಳುವ ಧೈರ್ಯ ಮಾಡಲಿಲ್ಲ. ಊಟ ಅವರ ಮನೆಯದು.

ಎರಡನೇ ಗಂಟೇ ಮಜಾ. ನೀಲ್ 2019-20ರಲ್ಲಿ 21 ಗೋಲು ಹೊಡೆದು, ಲೂಚೀಚ್ ಅವನಿಗಿಂತ ಕನಿಷ್ಠ ಹತ್ತು ಗೋಲು ಹಿಂದೆ ಬಿದ್ದರೆ, ಎಡ್ಮಂಟನ್ ತನ್ನ ಮೂರನೇ ಸುತ್ತಿನ ಡ್ರಾಫ್ಟ್ ಪಿಕ್ ಅನ್ನು ಕ್ಯಾಲ್ಗರಿಗೆ ಕೊಡಬೇಕು. ನೀವು ಗೆದ್ದರೆ, ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವಾಗ ನಮಗೊಬ್ಬ ಹುಡುಗನನ್ನು ಆರಿಸಿಕೊಳ್ಳುವ ಅವಕಾಶ ಕೊಡಿ ಅಂತ.

"ಅಯ್ಯೋ, ನೀಲ್ ಏಳೇ ಗೋಲು ಹೊಡೆದವನು. ಇಪ್ಪತ್ತೊಂದು ಎಲ್ಲಿಂದ ಬರಬೇಕು?" ಎಂದ ಹುಡುಗ.

ಭಟ್ರ ಮುಖ ಅರಳಿತು. "ಅಕ್ಟೋಬರ್ 8. ನ್ಯೂಯಾರ್ಕ್ ಐಲ್ಯಾಂಡರ್ಸ್ ಮೇಲೆ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು! ಮೂರು ಪಂದ್ಯಕ್ಕೆ ಆರು! ಇವರ ಊರಲ್ಲಿ ಇಡೀ ವರ್ಷ ಏಳು, ನಮ್ಮೂರಲ್ಲಿ ಒಂದು ವಾರಕ್ಕೆ ಆರು. ಆಗ ನಮ್ಮ ಲೂಚೀಚ್, ಅಲ್ಲಲ್ಲ, ಇವರ ಲೂಚೀಚ್ ಎಷ್ಟು ಹೊಡೆದಿದ್ದ ಕೇಳು."

"ಎಷ್ಟು ಸರ್?"

"ಸೊನ್ನೆ. ಡಿಸೆಂಬರ್ ಬರೋವರೆಗೂ ಸೊನ್ನೆ."

ಆ ಚಳಿಗಾಲ ಗೌಡ್ರು ಭಟ್ರ ಫೋನ್ ಎತ್ತುತ್ತಿರಲಿಲ್ಲವಂತೆ. ಅಕ್ಕ ಎತ್ತಿ, "ಸ್ನಾನಕ್ಕೆ ಹೋಗಿದ್ದಾರೆ" ಅನ್ನುತ್ತಿದ್ದರಂತೆ. ಗೌಡ್ರು ಅಷ್ಟು ಶುಚಿಯಾಗಿದ್ದ ಕಾಲ ಮತ್ತೆ ಬರಲಿಲ್ಲ.

"ಅವನ ಗೋಲೆಲ್ಲ ಪವರ್‌ಪ್ಲೇದು," ಎಂದರು ಗೌಡ್ರು. "ಎದುರಾಳಿ ಕಡೆ ಒಬ್ಬ ಶಿಕ್ಷೆ ಮೇಲೆ ಹೊರಗೆ ಕೂತಿರ್ತಾನೆ. ಮ್ಯಾಕ್‌ಡೇವಿಡ್ಡು, ಡ್ರೈಸೈಟ್ಲು ಪಕ್ ಅನ್ನೋ ಬಿಲ್ಲೆ ತಂದು ಗೋಲಿನ ಬಾಯಿಗೆ ಇಡ್ತಾರೆ. ಅದನ್ನ ಒಳಗೆ ತಳ್ಳೋಕೆ ನೀಲೇ ಬೇಕಾ? ನನ್ನನ್ನ ನಿಲ್ಲಿಸಿದ್ರೂ ತಳ್ತೀನಿ."

"ನಿಮ್ಮನ್ನ ಐಸ್ ಮೇಲೆ ನಿಲ್ಲಿಸೋಕೇ ಇಬ್ಬರು ಬೇಕು," ಎಂದರು ಅಕ್ಕ. ನಾವು ನಗು ತಡೆದುಕೊಂಡೆವು, ಹುಡುಗ ತಡೆದುಕೊಳ್ಳಲಿಲ್ಲ.

ಅರ್ಧಕ್ಕಿಂತ ಜಾಸ್ತಿ ಗೋಲು ಪವರ್‌ಪ್ಲೇಯಲ್ಲಿ ಬಂದದ್ದು ನಿಜ. ಐದು ಜನಕ್ಕೆ ಐದು ಜನ ಆಡುವಾಗ ನೀಲ್ ಅಷ್ಟಕ್ಕಷ್ಟೇ. ಆದರೂ ಲೆಕ್ಕದಲ್ಲಿ ಗೋಲು ಗೋಲೇ. ಗಾಯದಿಂದ ಕೆಲವು ವಾರ ಹೊರಗಿದ್ದು ವಾಪಸ್ ಬಂದ. 55 ಪಂದ್ಯಕ್ಕೆ 19 ಗೋಲು. ಲೂಚೀಚ್ 8. ಅಂತರ ಹನ್ನೊಂದು, ಆ ಷರತ್ತು ಸರಿಹೋಯಿತು. ಇನ್ನು ಎರಡೇ ಎರಡು ಗೋಲು ಬೇಕು. ತಂಡಕ್ಕೆ ಹನ್ನೊಂದು ಪಂದ್ಯ ಬಾಕಿ.

2020ರ ಮಾರ್ಚ್ 12. ಕೊರೋನಾ. ಲೀಗ್ ಬಾಗಿಲು ಹಾಕಿತು.

"ಹತ್ತೊಂಬತ್ತಕ್ಕೇ ನಿಂತ. ಷರತ್ತು ಏನು? ಇಪ್ಪತ್ತೊಂದು. ಹೊಡೆದನಾ? ಇಲ್ಲ. ಮುಗೀತಲ್ಲ ವಿಷಯ," ಎಂದು ಭಟ್ರು ಟೇಬಲ್ ಕುಟ್ಟಿದರು.

"ಪೂರ್ತಿ 82 ಪಂದ್ಯ ಆಡಿಸಿದ್ರಾ? ಇಲ್ಲ. 71 ಪಂದ್ಯಕ್ಕೆ ತಕ್ಕ ಹಾಗೆ ಷರತ್ತನ್ನೂ ಇಳಿಸಬೇಕು. 21ನ್ನು 82ರಿಂದ ಭಾಗಿಸಿ 71ರಿಂದ ಗುಣಿಸಿ. ಹದಿನೆಂಟು ಚಿಲ್ಲರೆ ಬರುತ್ತೆ. ನೀಲ್ ಹತ್ತೊಂಬತ್ತು. ಪಿಕ್ ನಮ್ದು," ಎಂದರು ಗೌಡ್ರು. ಮನೆ ಸಾಲದ ಬಡ್ಡಿ ಎಷ್ಟು ಅಂತ ಕೇಳಿದರೆ ಅಕ್ಕನ ಮುಖ ನೋಡುವ ಗೌಡ್ರಿಗೆ ಈ ಭಾಗಾಕಾರ ಮಾತ್ರ ಬಾಯಿಪಾಠ.

ಕೊನೆಗೆ ಲೀಗ್ ನಡುವೆ ಬಂದು ಪಿಕ್ ಕ್ಯಾಲ್ಗರಿಗೇ ಸೇರಬೇಕು ಎಂದು ತೀರ್ಮಾನಿಸಿತು. ಭಟ್ರು ಅದನ್ನು ಇವತ್ತಿಗೂ ಒಪ್ಪಿಲ್ಲ. "ಮೇಲ್ಮನವಿ ಹಾಕಬೇಕಿತ್ತು," ಎನ್ನುತ್ತಾರೆ. ಯಾರ ಹತ್ತಿರ ಅಂತ ಹೇಳುವುದಿಲ್ಲ.

"ಆಮೇಲೆ ಏನಾಯ್ತು ಇಬ್ಬರಿಗೂ?" ಹುಡುಗ ಬಿಡಲಿಲ್ಲ.

ಅಷ್ಟು ಹೊತ್ತು ಸೊಪ್ಪು ಬಿಡಿಸುತ್ತಿದ್ದ ಅಕ್ಕ ಈಗ ಬಾಯಿ ಬಿಟ್ಟರು. "ನೀಲ್‌ಗೆ ಗೋಲು ಬಿಟ್ರೆ ಬೇರೆ ಕಸುಬಿಲ್ಲ. ಗೋಲು ನಿಂತ ದಿನ ಅವನೂ ನಿಂತ. 2021ರ ಜುಲೈನಲ್ಲಿ ಎಡ್ಮಂಟನ್ ಬೈಔಟ್ ಮಾಡ್ತು. ಲೂಚೀಚ್ ಹಾಗಲ್ಲ. ಅವನಿಂದ ಗೋಲು ಬರಲ್ಲ ಅಂತ ಕೋಚ್‌ಗೂ ಗೊತ್ತು, ಅವನಿಗೂ ಗೊತ್ತು. ಮೂರನೇ ಸಾಲೋ ನಾಲ್ಕನೇ ಸಾಲೋ, ಕೊಟ್ಟಲ್ಲಿ ಆಡಿದ. ಅವನು ಬೆಂಚ್ ಮೇಲಿದ್ರೆ ನಮ್ಮ ಚಿಕ್ಕ ಹುಡುಗರ ಮೈ ಮುಟ್ಟೋಕೆ ಎದುರಾಳಿ ಯೋಚಿಸ್ತಿದ್ದ. ಎರಡು ಋತು ಹತ್ತತ್ತು ಗೋಲೂ ಹೊಡೆದ. ಒಪ್ಪಂದ ಮುಗಿಯೋವರೆಗೂ ಇಲ್ಲೇ ಇದ್ದ."

"2022ರ ಪ್ಲೇಆಫ್‌ನಲ್ಲಿ ನಮ್ಮ ಗೋಲ್‌ಕೀಪರ್ ಮೈಕ್ ಸ್ಮಿತ್‌ಗೆ ಗುದ್ದಿ ಪಂದ್ಯದಿಂದಲೇ ಹೊರಗೆ ಹೋದ, ಅದೂ ಸೇವೆಯೇ?" ಎಂದರು ಭಟ್ರು.

"ನಿಮ್ಮ ಸ್ಮಿತ್ ಮೊದಲು ನಮ್ಮವನೇ ಅಲ್ವಾ? ಹಳೇ ಸಲಿಗೆ," ಎಂದರು ಗೌಡ್ರು.

ಆ ಸರಣಿಯಲ್ಲಿ ಗೆದ್ದದ್ದು ಎಡ್ಮಂಟನ್, 4-1. ಭಟ್ರು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಇನ್ನೊಂದು ಇಟ್ಟರು. "ಬೈಔಟ್ ಲೆಕ್ಕ ಹೇಳಲಿಲ್ಲ ನೀವು."

ಲೆಕ್ಕದವರಿಗೇ ಲೆಕ್ಕ ಕೇಳಿದರೆ ಏನು ಮಾಡೋದು? ಎರಡು ವರ್ಷದ ಬಾಕಿಯನ್ನು ನಾಲ್ಕು ವರ್ಷಕ್ಕೆ ಹಂಚಿದಾಗ ವರ್ಷಕ್ಕೆ ಸುಮಾರು ಹತ್ತೊಂಬತ್ತು ಲಕ್ಷ ಡಾಲರ್. 2024-25ರವರೆಗೂ ಅದು ಎಡ್ಮಂಟನ್‌ನ ಕ್ಯಾಪ್ ಮೇಲೆ ಕೂತಿತ್ತು. 2024ರಲ್ಲಿ ಆಯಿಲರ್ಸ್ ಸ್ಟಾನ್ಲಿ ಕಪ್ ಫೈನಲ್ ತಲುಪಿ ಏಳನೇ ಪಂದ್ಯದಲ್ಲಿ 2-1ರಲ್ಲಿ ಸೋತಾಗಲೂ, 2025ರ ಫೈನಲ್‌ನಲ್ಲಿ ಮತ್ತೆ ಸೋತಾಗಲೂ, ಯಾವತ್ತೋ ಊರು ಬಿಟ್ಟ ನೀಲ್ ಹೆಸರು ಪಟ್ಟಿಯಲ್ಲಿತ್ತು.

"ಒಂದು ಗೋಲು ಭಟ್ರೇ," ಎಂದರು ಗೌಡ್ರು ಮೆಲ್ಲಗೆ. "ಹತ್ತೊಂಬತ್ತು ಲಕ್ಷಕ್ಕೆ ಒಬ್ಬ ಒಳ್ಳೇ ಆಳು ಸಿಕ್ತಿದ್ದ. ಒಂದೇ ಒಂದು ಗೋಲು. ಅಂದ ಹಾಗೆ ಎರಡು ಸಲಾನೂ ನಿಮ್ಮನ್ನ ಸೋಲಿಸಿದ ಫ್ಲೋರಿಡಾದಲ್ಲಿ ನಮ್ಮ ಕಚಕ್ ಇದ್ದ. ನಮ್ಮ ಹುಡುಗ."

ಭಟ್ರು ಒಂದು ಕ್ಷಣ ಸುಮ್ಮನಿದ್ದರು. ಅವರ ಕನ್ನಡಕದ ಹಿಂದೆ ಏನೋ ಹೊಳೆಯಿತು.

"ನಿಮ್ಮ ಹುಡುಗನ್ನ ಕೊಟ್ಟು ನೀವು ತಂದಿದ್ದು ಹುಬರ್ಡೋನನ್ನ ಅಲ್ವಾ? ಕ್ಯಾಲ್ಗರಿಗೆ ಬರೋ ಮುಂಚಿನ ವರ್ಷ ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎಲ್ಲ ಸೇರಿ 115 ಪಾಯಿಂಟ್. ಬಂದ ವರ್ಷ?"

ಗೌಡ್ರು ಸಾರಿನ ಕಡೆ ನೋಡಿದರು.

"ಐವತ್ತೈದು," ಎಂದರು ಅಕ್ಕ.

"ವರ್ಷಕ್ಕೆ ಒಂದು ಕೋಟಿ ಐದು ಲಕ್ಷ ಡಾಲರ್," ಭಟ್ರು ಬೆರಳು ಮಡಚಿದರು. "2031ರವರೆಗೆ."

ಗೌಡ್ರು ಒಂದು ಮುದ್ದೆ ತೆಗೆದು ಭಟ್ರ ತಟ್ಟೆಗೆ ತಾವೇ ಇಟ್ಟರು. ದನಿ ಬದಲಾಗಿತ್ತು. "ಭಟ್ರೇ, ಒಳ್ಳೇ ಹುಡುಗ ಅವನು. ಪಾಸ್ ಕೊಡೋದ್ರಲ್ಲಿ ಎತ್ತಿದ ಕೈ. ನಿಮ್ಮ ಮ್ಯಾಕ್‌ಡೇವಿಡ್ ಪಕ್ಕ ಆಡಿದ್ರೆ ಗ್ಯಾರಂಟಿ ಮತ್ತೆ ನೂರು ಹೊಡೀತಾನೆ. ಲೀಗ್ ನಿಯಮದಲ್ಲಿ ಅರ್ಧ ಸಂಬಳ ನಾವೇ ಹೊರಬಹುದು. ಹೊರ್ತೀವಿ. ತಗೊಂಡು ಹೋಗಿ."

"ಮೂರನೇ ಸುತ್ತಿನ ಪಿಕ್?"

"ಕೊಡೋಣ."

"ಷರತ್ತಿಲ್ಲದೆ?"

"ಭಟ್ರೇ, ಮೊದಲು ಮುದ್ದೆ ಮುರೀರಿ."