"ಕಂಪನಿ ಪೇರೋಲ್" ಅಂದ್ರೆ ಪರ್ಮನೆಂಟ್ ಅಂತಾನಾ?

ಅಂತರಗಂಗೆ:
ಚಿಕ್ಕಪ್ಪನ ಮಗನಿಗೆ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಓದಿರೋದು ಐಟಿಐ ಫಿಟ್ಟರ್. ಏಜೆನ್ಸಿಯವರು ಫೋನಿನಲ್ಲಿ "ಕಂಪನಿ ಪೇರೋಲ್ ಕಣಪ್ಪಾ, ಯೋಚನೆ ಮಾಡ್ಬೇಡ" ಅಂದಿದ್ದಾರೆ. ಕೈಗೆ ಬಂದ ಲೆಟರ್ ಇರೋದು ಏಜೆನ್ಸಿಯ ಹೆಸರಿನಲ್ಲಿ. ಕಾರ್ಖಾನೆಯ ಹೆಸರು "ಕೆಲಸದ ಸ್ಥಳ" ಅನ್ನೋ ಸಾಲಿನಲ್ಲಿ ಮಾತ್ರ ಇದೆ. ಮನೆಯವರೆಲ್ಲ ಪೇರೋಲ್ ಅಂದರೆ ಪರ್ಮನೆಂಟ್ ಅಂದುಕೊಂಡಿದ್ದಾರೆ. ಈ ಪದದ ಸರಿಯಾದ ಅರ್ಥ ಏನು? ಸೇರೋ ಮುಂಚೆ ಏನು ನೋಡಬೇಕು? ಇನ್ನೊಂದು, ಜೈಲಿನವರಿಗೆ ಸಿಗೋ ಪೆರೋಲ್ ಕೂಡ ಇದೇ ಪದಾನಾ?

ವೇಮಗಲ್ ಶಿಫ್ಟ್:
ಪೇರೋಲ್ ಅಂದರೆ ಸಂಬಳ ಪಡೆಯುವವರ ಪಟ್ಟಿ, ಅಷ್ಟೇ. ಯಾರದೇ ಪಟ್ಟಿಯಾದರೂ ಪೇರೋಲೇ. ಆದ್ದರಿಂದ "ಪೇರೋಲ್ ಇದೆಯಾ" ಅಂತ ಕೇಳಿ ಪ್ರಯೋಜನವಿಲ್ಲ, "ಯಾರ ಪೇರೋಲ್" ಅಂತ ಕೇಳಬೇಕು. ಏಜೆನ್ಸಿಯೂ ಒಂದು ಕಂಪನಿ ತಾನೇ? ಅವರು "ಕಂಪನಿ ಪೇರೋಲ್" ಅಂದಾಗ ತಮ್ಮ ಕಂಪನಿ ಅಂತ ಹೇಳಿಕೊಳ್ಳಬಹುದು, ಕೇಳಿದವರು ಕಾರ್ಖಾನೆ ಅಂದುಕೊಳ್ಳುತ್ತಾರೆ. ನೀವು ಹೇಳಿದ ಲೆಟರ್ ಪ್ರಕಾರ ಹುಡುಗ ಏಜೆನ್ಸಿಯ ರೋಲ್‌ನಲ್ಲಿದ್ದಾನೆ. ನಮ್ಮ ಕಡೆ "ಥರ್ಡ್ ಪಾರ್ಟಿ" ಅನ್ನೋದು, ಎಚ್‌ಆರ್‌ನವರು "ಆಫ್ ರೋಲ್" ಅನ್ನೋದು ಇದನ್ನೇ.

ಪರ್ಮನೆಂಟ್ ಅನ್ನೋದು ಬೇರೆಯದೇ ವಿಷಯ. ಕಾರ್ಖಾನೆಯ ಸ್ವಂತ ರೋಲ್‌ನಲ್ಲೇ ಪ್ರೊಬೇಷನ್‌ನವರು ಇರುತ್ತಾರೆ, ಒಂದೋ ಎರಡೋ ವರ್ಷದ ಫಿಕ್ಸೆಡ್ ಟರ್ಮ್‌ನವರೂ ಇರುತ್ತಾರೆ. ಅವರೆಲ್ಲ ಆನ್ ರೋಲ್, ಆದರೆ ಪರ್ಮನೆಂಟ್ ಅಲ್ಲ. ಕನ್ಫರ್ಮೇಷನ್ (ಕೆಲಸ ಖಾಯಂ ಮಾಡೋದು) ಬಗ್ಗೆ ಬರಹದಲ್ಲಿ ಏನಿದೆ ಅನ್ನೋದೇ ಲೆಕ್ಕಕ್ಕೆ ಬರೋದು. ಅಪ್ರೆಂಟಿಸ್ ಇನ್ನೂ ಬೇರೆ: 1961ರ ಅಪ್ರೆಂಟಿಸ್ ಕಾಯ್ದೆಯಡಿ ಬಂದವರು ತರಬೇತಿಯವರು, ಅವರಿಗೆ ಸಂಬಳದ ಬದಲು ಸ್ಟೈಪೆಂಡ್ (ತರಬೇತಿ ಭತ್ಯೆ), ಪಿಎಫ್ (ಭವಿಷ್ಯ ನಿಧಿ) ಇಲ್ಲ. ಲೆಟರ್‌ನಲ್ಲಿ ಸ್ಟೈಪೆಂಡ್ ಅಂತ ಕಂಡರೆ ಪೇರೋಲ್ ಮಾತನ್ನು ನಂಬಬೇಡಿ.

ಐಡಿ ಕಾರ್ಡ್, ಯೂನಿಫಾರ್ಮ್, ಬಸ್ಸು, ಕ್ಯಾಂಟೀನ್ ನೋಡಿ ತೀರ್ಮಾನ ಮಾಡಬೇಡಿ. ಇವನ್ನು ಕಾರ್ಖಾನೆಯೇ ಎಲ್ಲರಿಗೂ ಕೊಟ್ಟಿರಬಹುದು. ಖಚಿತವಾಗಿ ಗೊತ್ತಾಗೋದು ಪಿಎಫ್ ಪಾಸ್‌ಬುಕ್‌ನಲ್ಲಿ. ಯುಎಎನ್ ಅಂದರೆ ಪಿಎಫ್ ಸದಸ್ಯರಿಗೆ ಕೊಡುವ 12 ಅಂಕಿಯ ನಂಬರ್, ಅದು ಜೀವನಪೂರ್ತಿ ಒಂದೇ. ಅದರ ಕೆಳಗೆ ಪ್ರತಿ ಉದ್ಯೋಗದಾತರಿಗೂ ಒಂದೊಂದು ಮೆಂಬರ್ ಐಡಿ ಇರುತ್ತದೆ. ಆ ಐಡಿ ಪಕ್ಕದಲ್ಲಿ ಯಾವ ಸಂಸ್ಥೆಯ ಹೆಸರಿದೆಯೋ ಅವರದೇ ಪೇರೋಲ್. ಉಮಂಗ್ ಆ್ಯಪ್‌ನಲ್ಲೇ ನೋಡಬಹುದು. ಈಎಸ್‌ಐನ (ಕಾರ್ಮಿಕರ ಆರೋಗ್ಯ ವಿಮೆ) ಇ-ಪೆಹಚಾನ್ ಕಾರ್ಡ್‌ನಲ್ಲೂ ಉದ್ಯೋಗದಾತರ ಹೆಸರು ಇರುತ್ತದೆ.

ಪದಪಟ್ಟಿ:
ಪದದ ಬಗ್ಗೆ ಮಾತ್ರ ಹೇಳುತ್ತೇನೆ. ಇಲ್ಲಿ ರೋಲ್ ಅಂದರೆ ಸುರುಳಿ. ಹಿಂದೆ ಹೆಸರುಗಳನ್ನು ಉದ್ದನೆಯ ಹಾಳೆಯಲ್ಲಿ ಬರೆದು ಸುತ್ತಿಡುತ್ತಿದ್ದರು. ಹಾಗಾಗಿ ಸುರುಳಿ ಅನ್ನೋ ಪದವೇ ಪಟ್ಟಿಗೆ ಹೆಸರಾಯಿತು. ಶಾಲೆಯ ರೋಲ್ ನಂಬರ್, ಲೋಕೋಪಯೋಗಿ ಕಾಮಗಾರಿಯ ಮಸ್ಟರ್ ರೋಲ್, ನರೇಗಾದಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಎನ್‌ಎಂಆರ್ (ನಾಮಿನಲ್ ಮಸ್ಟರ್ ರೋಲ್, ಅಂದರೆ ಹಾಜರಿ ಪಟ್ಟಿ) ಎಲ್ಲ ಇದೇ ಮನೆತನದವು. ನಾಟಕದ, ಸಿನಿಮಾದ ರೋಲ್ ಕೂಡ! ನಟನ ಮಾತುಗಳನ್ನು ಬರೆದುಕೊಡುತ್ತಿದ್ದ ಸುರುಳಿಯಿಂದ ಪಾತ್ರಕ್ಕೆ ಆ ಹೆಸರು ಬಂತು.

ಜೈಲಿನ ಪೆರೋಲ್‌ಗೂ ಇದಕ್ಕೂ ಸಂಬಂಧವಿಲ್ಲ. ಅದು ಫ್ರೆಂಚ್ ಪದ, ಅರ್ಥ "ಮಾತು": ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟು ಹೋಗುವುದು. ಬರೆಯುವಾಗ ಸಂಬಳದ್ದಕ್ಕೆ ದೀರ್ಘ "ಪೇ", ಜೈಲಿನದಕ್ಕೆ ಹ್ರಸ್ವ "ಪೆ" ಇಟ್ಟುಕೊಂಡರೆ ಗೊಂದಲವಿಲ್ಲ.

ಕನ್ನಡದಲ್ಲಿ "ವೇತನ ಪಟ್ಟಿ" ಸರಿಹೊಂದುತ್ತದೆ. ಆದರೆ ಇಂಗ್ಲಿಷಿನಲ್ಲಿ ಈ ಒಂದೇ ಪದಕ್ಕೆ ಮೂರು ಬಳಕೆಗಳಿವೆ: ಹೆಸರುಗಳ ಪಟ್ಟಿ, ಸಂಬಳಕ್ಕೆ ಹೋಗುವ ಒಟ್ಟು ಹಣ, ತಿಂಗಳ ಸಂಬಳ ಲೆಕ್ಕ ಹಾಕಿ ಹಂಚುವ ಕೆಲಸ. ಮೂರನೆಯದಕ್ಕೆ ನಮ್ಮಲ್ಲಿ "ಬಟವಾಡೆ" ಅನ್ನೋ ಒಳ್ಳೆಯ ಪದವಿತ್ತು. ಈಗ ಹೆಚ್ಚಾಗಿ ಸರ್ಕಾರಿ ಕಾಗದದಲ್ಲಿ ಮಾತ್ರ ಉಳಿದಿದೆ, ಅದು ಬೇಸರದ ಸಂಗತಿ.

ಲೆಕ್ಕದ ಪುಸ್ತಕ:
ಆ ಮೂರನೇ ಅರ್ಥವೇ ಹೊಸಬರಿಗೆ ತೊಂದರೆ ಕೊಡೋದು. "ಈ ತಿಂಗಳ ಪೇರೋಲ್ ಕ್ಲೋಸ್ ಆಗಿದೆ" ಅಂದರೆ ಹಾಜರಿ ತೆಗೆದುಕೊಳ್ಳುವ ಕೊನೆಯ ದಿನ ಮುಗಿದಿದೆ ಅಂತ. ಕೆಲವು ಕಡೆ ಲೆಕ್ಕ 1ರಿಂದ 30ರವರೆಗೆ, ಕೆಲವು ಕಡೆ 26ರಿಂದ ಮುಂದಿನ 25ರವರೆಗೆ. ಹುಡುಗ 27ಕ್ಕೆ ಸೇರಿದರೆ ಆ ನಾಲ್ಕೈದು ದಿನದ ಸಂಬಳ ಮುಂದಿನ ತಿಂಗಳ ಲೆಕ್ಕಕ್ಕೆ ತಳ್ಳಿರುತ್ತಾರೆ. ಹಾಜರಿಯ ಪಂಚ್ ಬಿಟ್ಟುಹೋದರೆ, ಓಟಿ (ಹೆಚ್ಚುವರಿ ಅವಧಿಯ ಕೆಲಸ) ಎಂಟ್ರಿ ಆಗದಿದ್ದರೆ, ಆ ಕೊನೆಯ ದಿನದೊಳಗೇ ಸೂಪರ್‌ವೈಸರ್ ಹತ್ತಿರ ಬರಹದಲ್ಲಿ ಸರಿ ಮಾಡಿಸಬೇಕು.

ಇನ್ನು ಸಂಬಳದ ಸ್ಲಿಪ್ ನೋಡೋದು ಹೇಗೆ ಅಂತ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000, ಒಟ್ಟು 18,000 ಅಂತ ಇಟ್ಟುಕೊಳ್ಳಿ. ಪಿಎಫ್‌ಗೆ 15,000ದ 12%, ಅಂದರೆ 1,800. ಈಎಸ್‌ಐಗೆ 18,000ದ 0.75%, ಅಂದರೆ 135. ಕೈಗೆ 16,065 ಬರಬೇಕು. ಉದ್ಯೋಗದಾತರು ತಮ್ಮ ಪಾಲಿನ ಪಿಎಫ್ 12%, ಈಎಸ್‌ಐ 3.25% ಬೇರೆಯಾಗಿ ಕಟ್ಟಬೇಕು. ಸ್ಲಿಪ್‌ನಲ್ಲಿ ಪಿಎಫ್ ಕಡಿತ 3,600 ಅಂತಿದ್ದರೆ ಅವರ ಪಾಲನ್ನೂ ಹುಡುಗನ ಸಂಬಳದಿಂದಲೇ ಕಿತ್ತಿದ್ದಾರೆ ಅಂತ ಅರ್ಥ, ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಏಜೆನ್ಸಿಯ ಸರ್ವಿಸ್ ಚಾರ್ಜ್ ಕೂಡ ಕಾರ್ಖಾನೆ ಕೊಡಬೇಕಾದದ್ದು, ಕೆಲಸಗಾರನ ತಲೆಗೆ ಕಟ್ಟುವಂತಿಲ್ಲ.

ಕಡಿತ ತೋರಿಸಿ ಕಟ್ಟದೇ ಇರೋದು ಇನ್ನೊಂದು ಮೋಸ. ಪಿಎಫ್, ಈಎಸ್‌ಐ ಎರಡಕ್ಕೂ ಮುಂದಿನ ತಿಂಗಳ 15 ಕೊನೆಯ ದಿನ. 20ರ ಮೇಲೆ ಪಾಸ್‌ಬುಕ್ ತೆಗೆದು ನೋಡುವ ಅಭ್ಯಾಸ ಮಾಡಿಸಿ.

ಅಂತರಗಂಗೆ:
ಇಬ್ಬರಿಗೂ, ಪದದ ವಿವರ ಕೊಟ್ಟವರಿಗೂ ವಂದನೆ. ಹಾಗಾದರೆ ಏಜೆನ್ಸಿ ಸಂಬಳ ಕೊಡದೇ ಕೈ ಎತ್ತಿದರೆ ಕಾರ್ಖಾನೆಯವರು "ನಮಗೆ ಸಂಬಂಧ ಇಲ್ಲ" ಅನ್ನಬಹುದಾ? ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗುತ್ತೆ ಅಂತಾನೂ ಕೇಳಿದೆ.

ವೇಮಗಲ್ ಶಿಫ್ಟ್:
ಅನ್ನುವಂತಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕಾರ್ಖಾನೆಯೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ ಹಾಗೇ ಇತ್ತು, 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ಆ ಹೊಣೆ ಉಳಿದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಕೊಡಬೇಕು. ನರಸಾಪುರದ ಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಚಾರಕ್ಕೆ ಗಲಾಟೆ ಆದಾಗ ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದವರೇ. ಮಧ್ಯೆ ಏಜೆನ್ಸಿ ಇದ್ದಾಗ ದೂರು ಯಾರಿಗೆ ಅನ್ನೋದೇ ಗೊತ್ತಾಗೋದಿಲ್ಲ. ಇಬ್ಬರಿಗೂ ಬರಹದಲ್ಲಿ ಕೊಡಿ, ಪ್ರತಿ ಇಟ್ಟುಕೊಳ್ಳಿ, ಆಮೇಲೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ಏಜೆನ್ಸಿ ಬದಲಾದರೂ ಕೆಲಸಗಾರರು ಅದೇ ಮೆಷಿನ್ ಮುಂದೆ ನಿಂತಿರುತ್ತಾರೆ, ಪೇರೋಲ್ ಮಾತ್ರ ಬೇರೆ. ಹೊಸ ಮೆಂಬರ್ ಐಡಿ ಬರುತ್ತದೆ, ಗ್ರಾಚ್ಯುಟಿಗೆ (ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಸಿಗುವ ಹಣ) ಎಣಿಸುವ ಸೇವೆ ಮುರಿದುಹೋಗುವ ಅಪಾಯ ಇರುತ್ತದೆ. ಹಳೆಯ ಏಜೆನ್ಸಿ ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಿಸದೇ ಹೋದರೆ ದುಡ್ಡು ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಆಧಾರ್ ಒಟಿಪಿ ಹಾಕಿ ಆ ದಿನಾಂಕವನ್ನು ಸದಸ್ಯರೇ ಪೋರ್ಟಲ್‌ನಲ್ಲಿ ನಮೂದಿಸಬಹುದು. ಪ್ರತಿ ಸಲ ಪಿಎಫ್ ಬಿಡಿಸಿಕೊಳ್ಳದೆ ವರ್ಗ ಮಾಡಿಸಿಕೊಳ್ಳಲಿ, ಪೆನ್ಷನ್‌ಗೆ ಬೇಕಾದ 10 ವರ್ಷದ ಸೇವೆ ಕೂಡೋದು ಹಾಗೆ.

ಸೇರುವ ದಿನ ಅವನು ಹಳೆಯ ಯುಎಎನ್ ಇದ್ದರೆ ಅದನ್ನೇ ಕೊಡಲಿ. ಆಧಾರ್, ಬ್ಯಾಂಕ್, ಐಟಿಐ ಸರ್ಟಿಫಿಕೇಟ್ ಮೂರರಲ್ಲೂ ಇನಿಷಿಯಲ್ ಸಮೇತ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿಬಿಡಿ.